ಹದಿನಾಲ್ಕನೇ ತಾರೀಖಿನ ಬೆರಳಚ್ಚು

2008ರ ಆಗಸ್ಟ್ 18, ಸೋಮವಾರ. ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಬೇಗಂಪೇಟೆ ಪೊಲೀಸ್ ಠಾಣೆಗೆ ತಂದೆ ಮಗಳಿಬ್ಬರು ಬಂದರು. ತಂದೆಯ ಅಂಗಿತೋಳಿಗೆ ಸಿಮೆಂಟು ಮೆತ್ತಿತ್ತು. ಮಗಳು ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು, ಪ್ಲಾಸ್ಟಿಕ್ ಫೈಲೊಂದನ್ನು ಎದೆಗವಚಿಕೊಂಡಿದ್ದಳು. ಬಾಗಿಲ ಬಳಿಯ ಮೇಜಿನಲ್ಲಿದ್ದ ಕಾನ್‌ಸ್ಟೆಬಲ್ ಏನಾಯಿತೆಂದು ತೆಲುಗಿನಲ್ಲಿ ಕೇಳಿದ. ತಂದೆ ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಶುರುಮಾಡಿ, ತಡವರಿಸಿ, ಕೊನೆಗೆ ಮಗಳ ಕಡೆ ತಿರುಗಿದ.

"ನೀನ ಹೇಳವ್ವಾ. ಸಿಟ್ಟಿನ್ಯಾಗ ನನಗ ಮಾತ ಬರವಲ್ದು."

ಒಳಕೋಣೆಯಲ್ಲಿ ಫೈಲು ನೋಡುತ್ತಿದ್ದ ಇನ್‌ಸ್ಪೆಕ್ಟರ್ ವೈಜನಾಥ ತಲೆ ಎತ್ತಿದ. ಅವನ ಊರು ನಾರಾಯಣಖೇಡ. ಬೀದರಿನ ಗಡಿ ಅಲ್ಲಿಂದ ಕೂಗಳತೆ. ಮನೆಯ ಮಾತು ಕನ್ನಡ. ನಾಲ್ಕನೇ ಇಯತ್ತೆಯವರೆಗೆ ಕಲಿತದ್ದು ಕನ್ನಡ, ಆಮೇಲೆ ತೆಲುಗು. ಇಪ್ಪತ್ತು ವರ್ಷದ ನೌಕರಿಯಲ್ಲಿ ಠಾಣೆಯೊಳಗೆ ಆ ಮಾತು ಕಿವಿಗೆ ಬಿದ್ದದ್ದು ಬೆರಳೆಣಿಕೆಯಷ್ಟು ಸಲ.

"ಒಳಗ ಬರ್ರಿ. ಕೂಡ್ರಿ. ಏನಾತು ಹೇಳ್ರಿ."

ಹುಡುಗಿಯ ಹೆಸರು ದಾನೇಶ್ವರಿ, ವಯಸ್ಸು ಇಪ್ಪತ್ತಮೂರು. ತಂದೆ ಸೂಗಪ್ಪ ಶೋರಾಪುರದ ಕಡೆಯವನು, ಗಚ್ಚಿಬೌಲಿಯಲ್ಲಿ ಏಳುತ್ತಿದ್ದ ಹದಿನೆಂಟು ಅಂತಸ್ತಿನ ಕಟ್ಟಡವೊಂದರಲ್ಲಿ ಗಾರೆ ಮೇಸ್ತ್ರಿ. ಮಗಳು ಬಿ.ಫಾರ್ಮಸಿ ಮುಗಿಸಿದ್ದಳು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು, ಸ್ಕಾಲರ್‌ಶಿಪ್ಪೂ ಸಿಕ್ಕಿತ್ತು. ಸೆಪ್ಟೆಂಬರ್ 26ರೊಳಗೆ ಹಾಜರಾಗಬೇಕು. ಇಲ್ಲವಾದರೆ ಎರಡೂ ರದ್ದು.

"ವೀಸಾಕ್ಕ ಬೆರಳಚ್ಚು ಕೊಡಾಕ ಇವತ್ತು ಹತ್ತೂವರಿಗೆ ಟೈಮ್ ಕೊಟ್ಟಿದ್ರು ಸಾರ್," ಎಂದಳು ದಾನೇಶ್ವರಿ. "ಹೋದ ವರ್ಷದ ಕೊನಿಯಿಂದ ಅದು ಕಡ್ಡಾಯ ಆಗೈತಿ. ಹತ್ತೂ ಬೆರಳು, ಮತ್ತ ಅಲ್ಲೇ ತೆಗಿಯೋ ಒಂದು ಫೋಟೊ. ನಾವ ಖುದ್ದು ಹೋಗಬೇಕು. ಹ್ವಾದ್ರ, ಈ ಪಾಸ್‌ಪೋರ್ಟಿನಾಕಿ ಹದಿನಾಕನೇ ತಾರೀಖಿಗೇ ಬಂದು ಬೆರಳಚ್ಚು ಕೊಟ್ಟು ಹೋಗ್ಯಾಳ ಅಂದ್ರು."

"ಹದಿನಾಲ್ಕಕ್ಕ ನೀ ಎಲ್ಲಿದ್ದಿ?"

"ಮನ್ಯಾಗ. ಅವ್ವನ ಜೋಡಿ."

"ಪಾಸ್‌ಪೋರ್ಟ್ ಎಲ್ಲೈತಿ?"

"ಕನ್ಸಲ್ಟೆನ್ಸಿಯವರ ಹತ್ರ ಕೊಟ್ಟಿದ್ದೆ. ಫಾರ್ಮ್ ಜೋಡಿ ನಾವ ಸೆಂಟರಿಗೆ ಕಳಿಸ್ತೀವಿ, ನೀ ಈ ಚೀಟಿ ತಗೊಂಡು ಹೋದ್ರ ಸಾಕು ಅಂದಿದ್ರು."

ವೈಜನಾಥ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಹೆಸರು, ದಿನಾಂಕ, ಸಮಯ ಎಲ್ಲ ಸರಿಯಾಗಿತ್ತು. ಫೈಲಿನಲ್ಲಿದ್ದ ಅರ್ಜಿಯ ಪ್ರತಿಗೆ ಹೋಲಿಸಿದರೆ ಕೆಳಗಿದ್ದ ಅರ್ಜಿ ಸಂಖ್ಯೆಯಲ್ಲಿ ಮಾತ್ರ ಒಂದು ಅಂಕಿ ಕಡಿಮೆ. ಖೊಟ್ಟಿ ಚೀಟಿ.

"ಸಾಹೇಬ್ರ," ಎಂದ ಸೂಗಪ್ಪ, "ಇನ್ನೊಂದು ಸಲ ಈಕೀದ ಬೆರಳಚ್ಚು ತಗೋಳ್ರಿ ಅಂತ ಕೈ ಮುಗುದೆ. ಆಗಂಗಿಲ್ಲ ಅಂದ್ರು. ಒಂದು ಹೆಸರಿಗೆ ಒಮ್ಮೆ ಬೆರಳು ಕೂತ್ರ ಮುಗೀತಂತ. ಈಕೀನ ಖೊಟ್ಟಿ ಅನ್ನೋಹಂಗ ನೋಡಿದ್ರು."

ಮಧ್ಯಾಹ್ನ ಎರಡೂ ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಸೋಗು ಹಾಕಿ ವಂಚಿಸಿದ್ದು, ನಕಲಿ ದಾಖಲೆ ಸೃಷ್ಟಿಸಿದ್ದು, ಪಾಸ್‌ಪೋರ್ಟ್ ಕಾಯ್ದೆಯ ಉಲ್ಲಂಘನೆ. ದಾನೇಶ್ವರಿ ಕೆಳಗೆ ಕನ್ನಡದಲ್ಲೇ ಸಹಿ ಮಾಡಿದಳು. ಪಾಸ್‌ಪೋರ್ಟಿನಲ್ಲೂ ತನ್ನದು ಇದೇ ಸಹಿ ಎಂದಳು. ಅಕ್ಷರಗಳು ಒಂದರ ಮೇಲೊಂದು ಬಿದ್ದು, ಕೊನೆಯ 'ರಿ' ಹಾಳೆಯಾಚೆ ಓಡಿಹೋಗುವಂತಿತ್ತು. ಸಾಕ್ಷಿಯಾಗಿ ಸೂಗಪ್ಪ ಹೆಬ್ಬೆಟ್ಟು ಒತ್ತಿದ. ಮೂವತ್ತು ವರ್ಷ ಸುಣ್ಣ ಸಿಮೆಂಟಿನಲ್ಲಿ ಆಡಿದ ಬೆರಳು. ಹಾಳೆಯ ಮೇಲೆ ಗೆರೆಯೇ ಇಲ್ಲದ ಒಂದು ನೀಲಿ ಮಚ್ಚೆ ಮೂಡಿತು.

"ಇವತ್ತಿಂದ ಎಣಿಸಿದ್ರ ಮೂವತ್ತೊಂಬತ್ತು ದಿನ ಅದಾವು," ಎಂದ ವೈಜನಾಥ. "ಅಷ್ಟರಾಗ ನಿನ್ನ ಹೆಸರ ನಿನಗ ಬಿಡಿಸಿ ಕೊಡಬೇಕು. ನಡಿ, ಆ ಕಚೇರಿ ತೋರಸು."

ಕನ್ಸಲ್ಟೆನ್ಸಿ ಇದ್ದದ್ದು ಠಾಣೆಯಿಂದ ಅರ್ಧ ಮೈಲಿ ದೂರದ ವಾಣಿಜ್ಯ ಕಟ್ಟಡದ ಮೂರನೇ ಮಹಡಿಯಲ್ಲಿ. ಹೆಸರು ಸಪ್ತಸಾಗರ ವಿದೇಶ ವಿದ್ಯಾ ಸಲಹಾ ಕೇಂದ್ರ. ವೈಜನಾಥನ ಜೊತೆ ಮಹಿಳಾ ಹೆಡ್ ಕಾನ್‌ಸ್ಟೆಬಲ್ ತುಳಸಾಬಾಯಿ ಇದ್ದಳು. ಅವಳದು ಬೀದರ್ ಕಡೆಯ ತವರು. ಮಾತು ಕಡಿಮೆ, ಕಣ್ಣು ಚುರುಕು.

ಮಾಲೀಕ ಬಸವಕಿರಣ ಮೂವತ್ತೈದರ ಆಸುಪಾಸಿನವನು. ಪೊಲೀಸರನ್ನು ಕಂಡವನೇ ರಿಜಿಸ್ಟರ್ ಬಿಚ್ಚಿ ಮುಂದಿಟ್ಟ.

"ನಮ್ಮ ತಪ್ಪಿಲ್ಲ ಸಾರ್. ಪಾಸ್‌ಪೋರ್ಟ್ ಅಕೀನ ಬಂದು ಒಯ್ದಾಳ. ರಿಜಿಸ್ಟರ್ ನೋಡ್ರಿ."

ರಿಜಿಸ್ಟರಿನಲ್ಲಿ ಆಗಸ್ಟ್ 13ರ ಕೆಳಗೆ 'ಪಾಸ್‌ಪೋರ್ಟ್ ಮರಳಿ ಪಡೆದಿದ್ದೇನೆ' ಎಂಬ ಇಂಗ್ಲಿಷ್ ಸಾಲಿನ ಮುಂದೆ ಕನ್ನಡದಲ್ಲಿ 'ದಾನೇಶ್ವರಿ' ಎಂಬ ಸಹಿ. ದಾನೇಶ್ವರಿ ಬಗ್ಗಿ ನೋಡಿದವಳೇ, "ಇದು ನಂದಲ್ಲ" ಎಂದಳು. ಅದನ್ನು ಹೇಳಬೇಕಾಗಿರಲಿಲ್ಲ. ಸಹಿಯ ಆಕಾರ ಅವಳದೇ. ಆದರೆ ಒಂದೊಂದು ಅಕ್ಷರವೂ ಕಾಪಿಪುಸ್ತಕದ ಗೆರೆಯೊಳಗೆ ಕೂತಂತಿತ್ತು. ನೋಡಿ ನೋಡಿ ಬರೆದ ಕೈ.

"ಪಾಸ್‌ಪೋರ್ಟ್ ಇಡೋ ಅಲ್ಮಾರಿ ಕೀಲಿ ಯಾರ ಹತ್ರ?"

"ಹುಲಗೇಶನ ಹತ್ರ."

ಹುಲಗೇಶ ಕಚೇರಿಯ ಜವಾನ, ಐವತ್ತು ದಾಟಿದವನು. ಕೇಳುವ ಮೊದಲೇ ಕೈ ಜೋಡಿಸಿದ.

"ಹದಿಮೂರಕ್ಕ ಪಾಸ್‌ಪೋರ್ಟ್ ಯಾರಿಗೆ ಕೊಟ್ಟಿ?"

"ನಾ ಯಾರಿಗೂ ಕೊಟ್ಟಿಲ್ರಿ. ಅವತ್ತು ಊಟದ ಮ್ಯಾಲೆ ಸಾರ್ ನನ್ನ ನಾಚಾರಂಗೆ ಕಳಿಸಿದ್ರು, ಬೋರ್ಡ್ ಮಾಡಿಸಾಕ."

"ಕೀಲಿ?"

"ಗ್ವಾಡಿ ಮೊಳಿಗೆ ಹಾಕಿ ಹೋಗಿದ್ದೆ. ಯಾವಾಗಲೂ ಹಂಗ ಮಾಡ್ತೀನ್ರಿ."

ಬೋರ್ಡಿನ ಕಾರ್ಖಾನೆಗೆ ಫೋನು ಹೋಯಿತು. ಹದಿಮೂರನೇ ತಾರೀಖು ಮೂರರಿಂದ ಐದೂವರೆವರೆಗೆ ಹುಲಗೇಶ ಅಲ್ಲೇ ಕೂತಿದ್ದನೆಂದು ಅವರು ಹೇಳಿದರು. ಕೀಲಿ ಗೋಡೆಯ ಮೊಳೆಗೆ ತೂಗುತ್ತಿತ್ತೆಂದರೆ ಕಚೇರಿಯ ಏಳು ಜನರಲ್ಲಿ ಯಾರ ಕೈಗಾದರೂ ಎಟುಕುವಂತಿತ್ತು.

ಅಷ್ಟರಲ್ಲಿ ಕೌಂಟರಿನಿಂದ ಎದ್ದು ಬಂದ ಹೆಂಗಸೊಬ್ಬಳು ದಾನೇಶ್ವರಿಗೆ ನೀರಿನ ಲೋಟ ಕೊಟ್ಟು ಬೆನ್ನು ಸವರಿದಳು. "ಅಳಬ್ಯಾಡ. ಏನರ ದಾರಿ ಇರತೈತಿ."

"ಇವರು ಅಹಲ್ಯಾ ಅಕ್ಕ," ಎಂದಳು ದಾನೇಶ್ವರಿ. "ನನ್ನ ಫಾರ್ಮ್ ಎಲ್ಲಾ ಇವರ ತುಂಬಿಸಿದ್ದು. ಬೆರಳಿಗೆ ಮೆಹಂದಿ ಹಚ್ಚಬ್ಯಾಡ, ಗಾಯ ಮಾಡ್ಕೋಬ್ಯಾಡ, ಪಟ್ಟಿ ಕಟ್ಟಿದ್ರ ವಾಪಸ್ ಕಳಸ್ತಾರ ಅಂತ ಎಲ್ಲಾ ಹೇಳಿಕೊಟ್ಟಿದ್ರು. ರಾಖಿ ಹಬ್ಬಕ್ಕೂ ನಾ ಮೆಹಂದಿ ಹಾಕ್ಕೊಂಡಿಲ್ಲ."

ಅಹಲ್ಯಾಗೆ ಇಪ್ಪತ್ತೆಂಟು ಇರಬಹುದು. ತೆಳ್ಳನೆ ಮೈ, ಉದ್ದ ಮುಖ, ನಿದ್ದೆಗೆಟ್ಟ ಕಣ್ಣು. ವೈಜನಾಥ ಅವಳ ಮುಖವನ್ನೂ ದಾನೇಶ್ವರಿಯ ಮುಖವನ್ನೂ ಒಮ್ಮೆ ನೋಡಿದ. ಅಕ್ಕ ತಂಗಿ ಅಂದರೆ ನಂಬಬಹುದಿತ್ತು. ಆದರೆ ಹೋಲಿಕೆಯ ಮೇಲೆ ಯಾರನ್ನೂ ಒಳಗೆ ಹಾಕಲು ಬರುವುದಿಲ್ಲ.

ಅವನು ಏಳೂ ಜನರಿಗೆ ಒಂದೊಂದು ಹಾಳೆ ಕೊಡಿಸಿದ. ಹೆಸರು, ಊರು, ವಿಳಾಸ. ಬರುವ ಎಲ್ಲ ಲಿಪಿಗಳಲ್ಲೂ ಬರೆಯಬೇಕು. ಬಸವಕಿರಣ ಮತ್ತು ಹುಲಗೇಶ ಕನ್ನಡದಲ್ಲೂ ಬರೆದರು. ಇಬ್ಬರ ಅಕ್ಷರವೂ ಕೋಳಿ ಕೆದರಿದಂತೆ. ಅಹಲ್ಯಾ ಬರೆದದ್ದು ಇಂಗ್ಲಿಷ್ ಮತ್ತು ತೆಲುಗು.

"ಕನ್ನಡ?"

"ಮಾತಾಡಾಕ ಅಷ್ಟ ಬರತೈತಿ ಸಾರ್. ನಾ ಕಲ್ತದ್ದು ತೆಲುಗು ಸಾಲ್ಯಾಗ."

ವೈಜನಾಥ ಹಾಳೆಗಳನ್ನು ಜೋಡಿಸಿಕೊಂಡು ಹೊರಬಿದ್ದ. ಜೀಪು ಹತ್ತುವಾಗ ಅಹಲ್ಯಾಳ ಹಾಳೆಯನ್ನು ತುಳಸಾಬಾಯಿಯ ಮುಂದೆ ಹಿಡಿದ.

"ಏನ್ ಕಾಣತೈತಿ?"

"ತೆಲುಗು ಸಾರ್."

"ಅಕ್ಷರದ ತಲಿ ನೋಡು. ತೆಲುಗಿನವರು ತಲೆಕಟ್ಟು ಹಾಕೋದು ಸರಿ ಗುರುತು ಹಾಕಿದಂಗ, ಮೇಲಕ್ಕ ಚಿಮ್ಮಿಸಿ. ಈಕಿ ಎಲ್ಲಾ ಕಡಿ ಅಡ್ಡಗೆರಿ ಎಳದಾಳ. ಸಣ್ಣಾಕಿದ್ದಾಗ ಕನ್ನಡ ತಿದ್ದಿದ ಕೈ ಇದು. ನಂದೂ ಹಿಂಗ ಆಗತಿತ್ತು. ತೆಲುಗು ಮಾಸ್ತರು ಬೆರಳ ಗಂಟಿಗೆ ಹೊಡದು ಬಿಡಿಸಿದ್ರು."

"ಹಂಗಾದ್ರ ಈಗ ಕರಕೊಂಡು ಬರೂಣಾ?"

ಒಂದು ಅಡ್ಡಗೆರೆಯನ್ನು ನಂಬಿ ಬಂಧಿಸಿದರೆ ನ್ಯಾಯಾಲಯದಲ್ಲಿ ನಗೆಪಾಟಲು. "ಮೊದಲು ವೀಸಾದವರು ಹದಿನಾಲ್ಕಕ್ಕ ತಗದ ಫೋಟೊ ಬರ್ಲಿ" ಎಂದ.

ಅದು ತಪ್ಪಾಯಿತು. ಮರುದಿನ, 19ರ ಬೆಳಿಗ್ಗೆ, ಅಹಲ್ಯಾ ಕೆಲಸಕ್ಕೆ ಬರಲಿಲ್ಲ. ಮೊಬೈಲ್ ಸ್ವಿಚ್ ಆಫ್. ಸುದ್ದಿ ತಂದ ಹುಲಗೇಶನ ಎದುರಿಗೇ ವೈಜನಾಥ ತನ್ನ ಹಣೆ ತಟ್ಟಿಕೊಂಡ.

ಹತ್ತು ನಿಮಿಷದಲ್ಲಿ ಅವನು ಮತ್ತೆ ಆ ಮೂರನೇ ಮಹಡಿಯಲ್ಲಿದ್ದ. ಇಬ್ಬರು ಪಂಚರ ಸಮಕ್ಷಮ ಅಹಲ್ಯಾಳ ಮೇಜಿನ ಪಂಚನಾಮೆ ನಡೆಯಿತು. ಖಾನೆಯಲ್ಲಿ ಸಿಕ್ಕಿದ್ದು ಅವಳೊಬ್ಬಳೇ ಬಳಸುತ್ತಿದ್ದ ಸ್ಟೀಲ್ ಲೋಟ, ಸ್ಟೇಪ್ಲರ್, ಖಾಲಿ ಚೀಟಿ ಮುದ್ರಿಸುವ ಹಾಳೆಗಳು. ಲೋಟದ ಮೇಲಿನ ಬೆರಳಗುರುತುಗಳನ್ನು ಬೆರಳಚ್ಚು ವಿಭಾಗದವರು ಎತ್ತಿಕೊಂಡರು. ಬಲಗೈಯ ನಾಲ್ಕು ಬೆರಳು, ಹೆಬ್ಬೆಟ್ಟು, ಸ್ಪಷ್ಟವಾಗಿ.

ವೀಸಾ ಅಧಿಕಾರಿಗಳು ತಮ್ಮಲ್ಲಿದ್ದ ಬೆರಳಚ್ಚನ್ನು ಪೊಲೀಸರಿಗೆ ಕೊಡಲು ಒಪ್ಪಲಿಲ್ಲ. ಡಿಸಿಪಿಯವರ ಪತ್ರ ಹೋಯಿತು, ಉತ್ತರ ಬಂತು, ಮತ್ತೆ ಪತ್ರ ಹೋಯಿತು. ಪ್ರತಿ ಪತ್ರವನ್ನೂ ವೈಜನಾಥ ಟಪಾಲಿಗೆ ಬಿಡದೆ ಕೈಯಲ್ಲೇ ಒಯ್ದ. ಸಹಿಯಾಗುವವರೆಗೆ ಬಾಗಿಲಲ್ಲೇ ನಿಂತ. ಕೊನೆಗೆ ಒಂದು ದಾರಿ ಸಿಕ್ಕಿತು. ಲೋಟದ ಗುರುತುಗಳನ್ನು ನೀವು ಕಳಿಸಿ, ಹೋಲಿಸಿ ನೋಡಿ ಹೇಳುತ್ತೇವೆ. 20ರ ಸಂಜೆ ನಾಲ್ಕೂ ಐವತ್ತಕ್ಕೆ ಬಂದ ಉತ್ತರ ಎರಡು ಸಾಲಿನದು: ದಾನೇಶ್ವರಿ ಎಂಬ ಹೆಸರಿನಲ್ಲಿ ಆಗಸ್ಟ್ 14ರಂದು ಪಡೆದ ಬೆರಳಚ್ಚಿನ ಜೊತೆ ಇವು ಹೊಂದುತ್ತವೆ. ಅರ್ಜಿಯನ್ನು ತಡೆಹಿಡಿಯಲಾಗಿದೆ.

ಜೊತೆಗೆ ಬಂದಿದ್ದ ಫೋಟೊದಲ್ಲಿ ಅಹಲ್ಯಾ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡಿದ್ದಳು. ದಾನೇಶ್ವರಿಯ ಪಾಸ್‌ಪೋರ್ಟಿನ ಫೋಟೊ ಹದಿನೆಂಟರ ವಯಸ್ಸಿನದು. ಅದರಲ್ಲೂ ಎರಡು ಜಡೆ.

ಯಾರು ಎಂಬುದು ಗೊತ್ತಾಯಿತು. ಯಾಕೆ, ಮತ್ತು ಈಗ ಎಲ್ಲಿ?

21ರ ಬೆಳಿಗ್ಗೆ ಬರ್ಕತ್‌ಪುರದಲ್ಲಿ ಅಹಲ್ಯಾ ಬಾಡಿಗೆಗಿದ್ದ ಕೋಣೆಯ ಬೀಗವನ್ನು ಮನೆಯ ಯಜಮಾನಿ ಉಮಾಬಾಯಿ ತೆಗೆದುಕೊಟ್ಟಳು.

"ಭಾಳ ಒಳ್ಳೆ ಹುಡುಗಿ ಸಾಹೇಬ್ರ. ಎರಡು ವರ್ಷದಾಗ ಒಬ್ರೂ ಬಂದು ಹೋದದ್ದು ನೋಡಿಲ್ಲ."

"ಲಗ್ನ ಆಗಿತ್ತಾ?"

"ಆಗಿತ್ತಂತ. ಅದರ ಮಾತು ತಗದ್ರ ಎದ್ದು ಹೋಗತಿದ್ಲು."

ಟ್ರಂಕಿನಲ್ಲಿ ಎರಡು ಕಾಗದ ಸಿಕ್ಕವು. ಎರಡೂ 2007ರಲ್ಲಿ ಅಹಲ್ಯಾಳ ಸ್ವಂತ ಹೆಸರಿನಲ್ಲಿ ಹಾಕಿದ್ದ ಇಂಗ್ಲೆಂಡ್ ಪ್ರವಾಸಿ ವೀಸಾ ಅರ್ಜಿಗಳ ತಿರಸ್ಕಾರ ಪತ್ರಗಳು. ಅವುಗಳ ಕೆಳಗೆ ಹುಡುಗಿಯರ ಮೂರು ಫ್ರಾಕು, ಅಂಗಡಿಯ ಚೀಟಿ ಹರಿಯದೆ ಹೊಸದಾಗಿಯೇ ಇದ್ದವು. ತುಳಸಾಬಾಯಿ ಅವನ್ನು ಒಂದೊಂದಾಗಿ ಬಿಚ್ಚಿ ಮಂಚದ ಮೇಲೆ ಹಾಸಿದಳು. ಮೂರು ವರ್ಷದ ಮಗುವಿನ ಅಳತೆ, ನಾಲ್ಕರದು, ಐದರದು.

"ವರ್ಷಕ್ಕೊಂದು ತಗೊಂಡಾಳ ಸಾರ್," ಎಂದಳು ಮೆಲ್ಲಗೆ. "ಹಾಕ್ಕೊಳ್ಳೋ ಕೂಸು ಇಲ್ಲಿಲ್ಲ."

ವೈಜನಾಥ ತಿರಸ್ಕಾರ ಪತ್ರಗಳ ತಾರೀಖನ್ನು ಮತ್ತೆ ನೋಡಿದ. ಎರಡೂ ಬೆರಳಚ್ಚು ಕಡ್ಡಾಯವಾಗುವ ಮೊದಲಿನವು. ಅಂದರೆ ಅವಳ ಬೆರಳು ಅಲ್ಲಿನ ಯಾವ ದಫ್ತರದಲ್ಲೂ ಇರಲಿಲ್ಲ. ಮೊದಲ ಸಲ ಯಾವ ಹೆಸರಿಗೆ ಬೆರಳು ಒತ್ತುತ್ತಾಳೋ ಅವರ ಲೆಕ್ಕದಲ್ಲಿ ಅವಳು ಆ ಹೆಸರಿನವಳೇ. ಅರ್ಜಿ ತುಂಬುವ ಮೇಜಿನಲ್ಲಿ ದಿನವಿಡೀ ಕೂತವಳಿಗೆ ಇದು ಹೊಳೆಯದೆ ಇರುತ್ತದೆಯೇ?

"ಪಾಸ್‌ಪೋರ್ಟ್ ಬಂದೈತಿ ಅಂತ ಮೆಸೇಜ್ ಹೋದ್ರ ಬರತಾಳ," ಎಂದ.

"ಪೊಲೀಸ್ ಕೇಸ್ ಆಗಿದ್ದು ಅಕಿಗೆ ಗೊತ್ತೈತಿ ಸಾರ್. ಹೆಂಗ ಬರತಾಳ?"

"ಆ ಫ್ರಾಕು ತಗೊಂಡಾಕಿ ಬರತಾಳ."

ಅರ್ಜಿಯಲ್ಲಿ ಕೊಟ್ಟಿದ್ದ ಮೊಬೈಲ್ ನಂಬರು ದಾನೇಶ್ವರಿಯದಲ್ಲ, ಅಹಲ್ಯಾಳ ಹೆಸರಿನದೂ ಅಲ್ಲ; ಅವಳು ಗುಟ್ಟಾಗಿ ಇಟ್ಟುಕೊಂಡದ್ದಿರಬೇಕು. ಎಲ್ಲರಿಗೂ ಹೋಗುವಂಥದೇ ಒಂದು ಮೆಸೇಜ್ ಆ ನಂಬರಿಗೂ ಕಳಿಸಲು ವೀಸಾ ಕೇಂದ್ರದವರು ಒಪ್ಪಿದರು. ಲಕೋಟೆಯೊಳಗೆ ಪಾಸ್‌ಪೋರ್ಟ್ ಇರುತ್ತದೆ, ವೀಸಾ ಇರುವುದಿಲ್ಲ.

ಆಗಸ್ಟ್ 22, ಶುಕ್ರವಾರ. ಬೆಳಿಗ್ಗೆ ಎಂಟೂವರೆಯಿಂದ ತುಳಸಾಬಾಯಿ ಮಫ್ತಿಯಲ್ಲಿ, ಪಾಸ್‌ಪೋರ್ಟ್ ಹಿಂಪಡೆಯುವ ಕೌಂಟರಿನ ಸಾಲು ಕುರ್ಚಿಯೊಂದರಲ್ಲಿ ಕೂತಳು. ವೈಜನಾಥ ಗಾಜಿನ ಬಾಗಿಲಾಚೆ, ಜೆರಾಕ್ಸ್ ಅಂಗಡಿಯ ಮುಂದೆ ನಿಂತ. ಗಂಟೆ ಹತ್ತಾಯಿತು, ಹನ್ನೊಂದಾಯಿತು. ಹುಡುಗ ಹುಡುಗಿಯರು ಲಕೋಟೆ ಹರಿದು, ಪುಟ ತಿರುವಿ, ಕುಣಿಯುತ್ತಲೋ ಮುಖ ಬಾಡಿಸಿಕೊಂಡೋ ಹೊರಬರುತ್ತಿದ್ದರು. ಹನ್ನೆರಡು ದಾಟಿತು. ತುಳಸಾಬಾಯಿ ಒಮ್ಮೆ ಗಾಜಿನಾಚೆ ನೋಡಿದಳು. ಅವನು ಕದಲಲಿಲ್ಲ.

ಹನ್ನೆರಡೂ ನಲವತ್ತಕ್ಕೆ ಮುಖಕ್ಕೆ ದುಪಟ್ಟಾ ಸುತ್ತಿದ್ದ ಹೆಂಗಸೊಬ್ಬಳು ಆಟೋದಿಂದ ಇಳಿದಳು. ಎರಡು ಸಲ ಬಾಗಿಲವರೆಗೆ ಬಂದು ಎರಡು ಸಲ ಹಿಂದೆ ಹೋದಳು. ಮೂರನೇ ಸಲ ಒಳಹೊಕ್ಕು, ಕೌಂಟರಿನಲ್ಲಿ ಚೀಟಿ ಕೊಟ್ಟು ದುಪಟ್ಟಾ ಸರಿಸಿದಳು. ಲಕೋಟೆ ಕೈಗೆ ಬಂದದ್ದೇ ನಿಂತಲ್ಲೇ ಹರಿದಳು. ಪುಟ ತಿರುವಿದಳು, ಮೊದಲಿನಿಂದ ಮತ್ತೆ ತಿರುವಿದಳು.

"ಇಲ್ಲವ್ವಾ ಅದರಾಗ," ಎಂದಳು ಪಕ್ಕದಲ್ಲಿ ಬಂದು ನಿಂತ ತುಳಸಾಬಾಯಿ, ಅವಳ ಮಣಿಕಟ್ಟು ಹಿಡಿದು.

ಅಹಲ್ಯಾ ಕೊಸರಾಡಲಿಲ್ಲ. ಬಾಗಿಲಲ್ಲಿ ವೈಜನಾಥನನ್ನು ಕಂಡು, "ಬರಬಾರದು ಅಂತ ಗೊತ್ತಿತ್ತು ಸಾರ್" ಎಂದಳು. "ಆದ್ರೂ ಬಂದೆ."

ಬಂಧನದ ಸಮಯ ಹನ್ನೆರಡೂ ಐವತ್ತೈದು ಎಂದು ದಾಖಲಾಯಿತು.

ಠಾಣೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಹದಿಮೂರರ ಮಧ್ಯಾಹ್ನ ಮೊಳೆಯಿಂದ ಕೀಲಿ ತೆಗೆದದ್ದು, ಸಹಿಯನ್ನು ಹದಿನೈದು ದಿನ ಅಭ್ಯಾಸ ಮಾಡಿದ್ದು, ಖೊಟ್ಟಿ ಚೀಟಿ ಮುದ್ರಿಸಿದ್ದು. ಅವಳು ಕನ್ನಡ ಕಲಿತದ್ದು ಕಾಚಿಗೂಡದ ಶಾಲೆಯಲ್ಲಿ. ಗಂಡ ಭೀಮಾಶಂಕರ ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದವನು. ಕಂಪನಿ ಅವನನ್ನು ಇಂಗ್ಲೆಂಡಿಗೆ ಕಳಿಸಿದಾಗ ಅವಳಿಗೆ ತಿಳಿಸದೆ ಮಗಳನ್ನೂ ಕರೆದೊಯ್ದ. ಎರಡು ತಿಂಗಳು ಫೋನು ಬಂತು, ಆಮೇಲೆ ನಿಂತಿತು. ಆಮೇಲೆ ವಕೀಲರ ಕಾಗದ ಬಂತು. ಮಗಳನ್ನು ನೋಡಿಬರಲು ಎರಡು ಸಲ ವೀಸಾ ಕೇಳಿದಳು. ಹೋದವಳು ತಿರುಗಿ ಬರುತ್ತಾಳೆಂಬ ನಂಬಿಕೆ ಇಲ್ಲವೆಂದು ಎರಡು ಸಲವೂ ತಳ್ಳಿಹಾಕಿದರು.

"ಇವಳ ಕಾಗದ ಎಲ್ಲಾ ಗಟ್ಟಿ ಇದ್ದುವು," ಎಂದಳು. "ಒಂದು ವರ್ಷ ಅಲ್ಲಿ ಇರಾಕ ಸಿಗತಿತ್ತು. ಮಗಳನ್ನ ಹುಡುಕತಿದ್ದೆ. ಇವಳು ಮುಂದಿನ ವರ್ಷ ಹೋಗ್ತಾಳ ಅನ್ಕೊಂಡಿದ್ದೆ."

ವೈಜನಾಥ ಮೇಜಿನ ಮೇಲೆ ಮುಂದಕ್ಕೆ ಬಾಗಿದ.

"ಅವಳ ಹೆಸರಿಗೆ ನಿನ್ನ ಬೆರಳು ಕೂತ ಮ್ಯಾಲೆ ಅವಳು ಎಂದರ ಹೋಗಾಕ ಆಗತಿತ್ತಾ? ಬ್ಯಾರೆಯವರಿಗೆ ಗೊತ್ತಿರಲಿಕ್ಕಿಲ್ಲ. ನಿನಗ ಗೊತ್ತಿತ್ತು."

ಅವಳು ತನ್ನ ಬೆರಳುಗಳನ್ನು ಮಡಿಸಿಕೊಂಡಳು. "ಗೊತ್ತಿತ್ತು" ಎಂದಳು.

ಗುರುತು ಹಿಡಿಯಲು ದಾನೇಶ್ವರಿಯನ್ನು ಕರೆಸಿದ್ದರು. ಅವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಒಳಗೆ ಬಂದು ಅಹಲ್ಯಾಳ ಎದುರು ನಿಂತಳು.

"ಅಕ್ಕ, ನಮ್ಮಪ್ಪ ಸಾಲಿ ಮೆಟ್ಲ ಹತ್ತಿದಾಂವಲ್ಲ. ನನ್ನ ಹೆಸರ ಕಾಗದದ ಮ್ಯಾಲೆ ಕಂಡ್ರ ಬೆರಳಿಟ್ಟು ನೋಡ್ತಾನ, ಓದಾಕ ಬರಲಿಲ್ಲಂದ್ರೂ. ನಿಮ್ಮ ಮಗಳ ಸುದ್ದಿ ಕೇಳಿ ನನಗ ಸಂಕಟ ಆಗತೈತಿ. ಆದ್ರ ನಾ ಕೇಸ್ ವಾಪಸ್ ತಗೊಳ್ಳಂಗಿಲ್ಲ."

"ತಗೋಬ್ಯಾಡ," ಎಂದಳು ಅಹಲ್ಯಾ. ಅವಳು ತಲೆ ಎತ್ತಲಿಲ್ಲ.

ತನಿಖಾ ವರದಿಯ ಪ್ರತಿಯನ್ನು ವೈಜನಾಥ ಮರುವಾರವೇ ವೀಸಾ ಅಧಿಕಾರಿಗಳಿಗೆ ಒಯ್ದು ಮುಟ್ಟಿಸಿದ. ಹಳೆಯ ದಾಖಲೆ ರದ್ದಾಯಿತು. ಸೆಪ್ಟೆಂಬರ್ 3ರಂದು ದಾನೇಶ್ವರಿ ತನ್ನ ಹತ್ತು ಬೆರಳನ್ನೂ ತಾನೇ ಒತ್ತಿ ಬಂದಳು. 19ಕ್ಕೆ ವೀಸಾ ಬಂತು, 24ಕ್ಕೆ ವಿಮಾನ ಹತ್ತಿದಳು. ಗಡುವಿಗೆ ಎರಡು ದಿನ ಉಳಿದಿತ್ತು.

ಬಂಧನದ ಮರುದಿನ ಬೆಳಿಗ್ಗೆ, ಆಗಸ್ಟ್ 23ರಂದು ಅಹಲ್ಯಾಳನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು. ರಿಮಾಂಡ್ ಕಾಗದ ಸಿದ್ಧವಾಗಿತ್ತು, ಜೀಪು ಅಂಗಳದಲ್ಲಿ ನಿಂತಿತ್ತು. ವೈಜನಾಥ ಕ್ಯಾಪು ಕೈಗೆತ್ತಿಕೊಂಡವನು ಮತ್ತೆ ಮೇಜಿನ ಮೇಲಿಟ್ಟ.

"ಮಗಳನ್ನ ಒಯ್ದಾಗ ಪೊಲೀಸರಿಗೆ ಹೇಳಲಿಲ್ಲೇನು?"

"ಎರಡು ಠಾಣೆಗೆ ಹೋಗಿದ್ದೆ ಸಾರ್. ಗಂಡ ಹೆಂಡ್ತಿ ಜಗಳ, ಮನ್ಯಾಗ ಬಗೆಹರಿಸ್ಕೋ ಅಂದ್ರು. ಯಾರೂ ಬರಕೊಳ್ಳಲಿಲ್ಲ."

ಅವನು ಗಡಿಯಾರ ನೋಡಿದ. ಒಂಬತ್ತೂ ಹತ್ತು. ನ್ಯಾಯಾಲಯ ಹತ್ತೂವರೆಗೆ.

"ನೀ ಮಾಡಿದ್ದಕ್ಕ ನೀ ಜೇಲಿಗೆ ಹೋಗಬೇಕು. ಅದರಾಗ ನಾ ಏನೂ ಸಡಿಲ ಬಿಡಂಗಿಲ್ಲ. ಕೂಸು ನಾಳಿಗೇ ಬರತೈತಿ ಅಂತನೂ ಹೇಳಂಗಿಲ್ಲ. ಆದ್ರ ಅದು ಬ್ಯಾರೆ ಕೇಸು, ಇದು ಬ್ಯಾರೆ ಕೇಸು. ಇಲ್ಲಿ ಬರಕೊಂಡು ಸಂಬಂಧಪಟ್ಟ ಠಾಣೆಗೆ ನಾನ ಕಳಸ್ತೀನಿ. ಅವನ ಕಂಪನಿಗೆ ನೋಟೀಸು ಹೋಗತೈತಿ." ತುಳಸಾಬಾಯಿಯ ಕಡೆ ತಿರುಗಿದ. "ಹೊಸ ಹಾಳಿ ತಗೋ. ಫಿರ್ಯಾದಿ, ಅಹಲ್ಯಾ."

ತುಳಸಾಬಾಯಿ ಕುರ್ಚಿ ಎಳೆದುಕೊಂಡು ಪೆನ್ನು ಬಿಚ್ಚಿದಳು. "ಎಂದು, ಎಷ್ಟೊತ್ತಿಗೆ? ಮೊದಲಿಂದ ಹೇಳವ್ವಾ."

ಅಹಲ್ಯಾ ಒಮ್ಮೆ ವೈಜನಾಥನನ್ನು, ಒಮ್ಮೆ ಖಾಲಿ ಹಾಳೆಯನ್ನು ನೋಡಿದಳು. ಹಿಂದಿನ ದಿನವೆಲ್ಲ ಒಂದು ಹನಿ ಕಣ್ಣೀರು ಹಾಕದಿದ್ದವಳು ದುಪಟ್ಟಾದಿಂದ ಮುಖ ಒತ್ತಿಕೊಂಡಳು.

"2006, ಜುಲೈ ಒಂಬತ್ತು," ಎಂದಳು. "ರವಿವಾರ, ಮುಂಜಾನಿ ಆರೂವರಿ. ನಾ ಹಾಲು ತರಾಕ ಹೋಗಿದ್ದೆ. ಹತ್ತು ನಿಮಿಷ ಅಷ್ಟ. ತಿರುಗಿ ಬಂದು ನೋಡಿದ್ರ ಅಕೀ ಚಪ್ಪಲಿ ಬಾಗಿಲದಾಗ ಹಂಗ ಇದ್ದುವು, ಅಕಿ ಇರಲಿಲ್ಲ."

ತುಳಸಾಬಾಯಿ ಬರೆದುಕೊಳ್ಳತೊಡಗಿದಳು.